ಗೂಗಲ್ ಹುಡುಗರಿಗೆ ದಾರಿ ತೋರಿದ ಮೇಷ್ಟ್ರು ರಾಜೀವ್ ಮೋಟ್ವಾನಿ

ದಿನಾ ಗೂಗಲ್‌ನಲ್ಲಿ ಹುಡುಕುವ ನಮ್ಮಲ್ಲಿ ರಾಜೀವ್ ಮೋಟ್ವಾನಿ ಹೆಸರು ಕೇಳಿದವರು ಕಮ್ಮಿ. 1962ರಲ್ಲಿ ಜಮ್ಮುವಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಬೆಳೆದವರು. ಚಿಕ್ಕಂದಿನಿಂದ ಗಣಿತಜ್ಞ ಆಗೋ ಆಸೆ. ಗಣಿತ ನಂಬ್ಕೊಂಡ್ರೆ ಸಂಸಾರ ಸಾಗುತ್ತಾ ಅನ್ನೋದು ಮನೆಯವರ ಚಿಂತೆ. ಹಾಗಾಗಿ ಕಾನ್ಪುರ ಐಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿ, 1983ರಲ್ಲಿ ಪದವಿ ಪಡೆದರು. ಅಲ್ಲೂ ಸಿಕ್ಕಿದ್ದು ಗಣಿತವೇ! 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ರಿಚರ್ಡ್ ಕಾರ್ಪ್ ಬಳಿ ಪಿಎಚ್‌.ಡಿ. ಮುಗಿಸಿ, ಸ್ಟ್ಯಾನ್‌ಫೋರ್ಡ್‌ನಲ್ಲಿ ಪಾಠ ಮಾಡಲು ಶುರು ಮಾಡಿದರು.

ಅಕ್ಕಿ ಮೂಟೆ ಪೂರ್ತಿ ಸುರಿಯದೆ, ಅಲ್ಲಲ್ಲಿ ಚುಚ್ಚಿ ಹಿಡಿಯಷ್ಟು ತೆಗೆದು ನೋಡ್ತೀವಲ್ಲ? ಉದ್ದನೆಯ ಗಣಿತದ ಲೆಕ್ಕವನ್ನೂ ವಿಶೇಷ ರೀತಿಯಲ್ಲಿ ಬರೆದಿಟ್ಟರೆ, ಅಲ್ಲೊಂದು ಇಲ್ಲೊಂದು ಅಕ್ಷರ ನೋಡಿಯೇ ತಪ್ಪಿದ್ದರೆ ಬಹುಮಟ್ಟಿಗೆ ಹಿಡಿಯಬಹುದು ಅಂತ ನಾಲ್ವರು ಸಂಗಡಿಗರ ಜೊತೆ ಸಾಧಿಸಿ ತೋರಿಸಿದರು. ಇದಕ್ಕೇ 2001ರ ಗೋಡೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ವೆಬ್ ಪುಟಗಳಿಗೆ ರ‍್ಯಾಂಕ್ ಕೊಡೋ ದಾರಿ ಹುಡುಕುವಾಗ ಜೊತೆ ನಿಂತರು. ಆ ಪ್ರಬಂಧದಲ್ಲಿ ಇವರ ಹೆಸರೂ ಇದೆ. ಆ ಕೆಲಸದಿಂದಲೇ ಗೂಗಲ್ ಬೆಳೆಯಿತು. ಮುಂದೆ ಹಲವು ಹೊಸ ಕಂಪನಿಗಳಿಗೆ ಸಲಹೆಗಾರರಾದರೂ ಮೇಷ್ಟ್ರ ಕೆಲಸ ಬಿಡಲಿಲ್ಲ.

2009ರ ಜೂನ್ 5ರಂದು ಮನೆಯ ಈಜುಕೊಳದಲ್ಲಿ ಮೃತಪಟ್ಟಾಗ ವಯಸ್ಸು ಬರೀ 47. ಕಾನ್ಪುರ ಐಐಟಿಯ ಕಂಪ್ಯೂಟರ್ ಸೈನ್ಸ್ ಕಟ್ಟಡಕ್ಕೆ ಈಗ ಅವರದೇ ಹೆಸರು.