ಗೌಹರ್ ಜಾನ್: ತುತ್ತೂರಿಯ ಮುಂದೆ ಹಾಡಿದ ಗಾಯಕಿ

ಮದುವೆ ಮನೆಯ ಆರ್ಕೆಸ್ಟ್ರಾ ಇರಲಿ, ಕೊಟ್ಟೂರಿನ ತೇರಿರಲಿ, ಊರಿನ ಉರುಸ್ ಇರಲಿ, ಮೈಕಿಲ್ಲದೆ ಹಾಡು ಕೇಳಿದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಮೈಕೇ ಇಲ್ಲದ ಕಾಲದಲ್ಲಿ ತಮ್ಮ ದನಿಯನ್ನು ತಟ್ಟೆಯಲ್ಲಿ ಉಳಿಸಿಹೋದ ಕಲಾವಿದೆಯೊಬ್ಬರು ಇದ್ದರು. ಅವರು ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ. ಅವರೇ ಗೌಹರ್ ಜಾನ್.

ಅವರು 1873ರಲ್ಲಿ ಈಗಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಹುಟ್ಟಿದರು. ಹುಟ್ಟಿದಾಗಿನ ಹೆಸರು ಏಂಜಲೀನಾ. ತಂದೆ ಅರ್ಮೇನಿಯನ್ ಮೂಲದವರು. ಮಗು ಚಿಕ್ಕದಿದ್ದಾಗಲೇ ತಂದೆತಾಯಿ ಬೇರೆಯಾದರು. ತಾಯಿ ಮಗಳೊಂದಿಗೆ ಬನಾರಸ್ ಸೇರಿ, ಇಸ್ಲಾಂ ಧರ್ಮ ಸ್ವೀಕರಿಸಿ ಮಲ್ಕಾ ಜಾನ್ ಎಂಬ ಹೆಸರು ಪಡೆದರು. ಮಗಳು ಗೌಹರ್ ಆದಳು. ಮಲ್ಕಾ ಜಾನ್ ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದ ವಿದ್ಯಾವಂತೆ. ಗಂಡನ ಆಸರೆ ಇಲ್ಲದ ಆ ತಾಯಿ ಮಗಳಿಗೆ ಕೊಟ್ಟ ಆಸ್ತಿ ಎಂದರೆ ವಿದ್ಯೆ. ಮುಂದೆ ಕಲ್ಕತ್ತೆಗೆ ಬಂದ ಮೇಲೆ ಗೌಹರ್ ಸಂಗೀತ ಕಲಿತರು, ಬಿಂದಾದಿನ್ ಮಹಾರಾಜರಿಂದ ಕಥಕ್ ಕಲಿತರು, ಹಲವು ಭಾಷೆಗಳನ್ನೂ ಕಲಿತರು. 1887ರಲ್ಲಿ ದರ್ಭಾಂಗದ ಅರಮನೆಯಲ್ಲಿ ಮೊದಲ ಬಾರಿಗೆ ಹಾಡಿದರು.

1902ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದರು. ಹೋಟೆಲಿನ ಕೋಣೆಯೇ ಅವರ ಸ್ಟುಡಿಯೋ ಆಯಿತು. ಗೋಡೆಯಿಂದ ಹೊರಚಾಚಿದ ದೊಡ್ಡ ತುತ್ತೂರಿ. ಅದರ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ. ಪೊರೆಗೆ ಜೋಡಿಸಿದ ಮುಳ್ಳು. ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ಹಾಡಿನ ಅಲೆಗೆ ಪೊರೆ ನಡುಗಿದರೆ ಮುಳ್ಳು ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ವಿದ್ಯುತ್ತಿನ ಸಹಾಯವಿಲ್ಲ; ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇಲ್ಲ. ತುತ್ತೂರಿಗೆ ಹತ್ತಿರ ನಿಂತವರು ಗಟ್ಟಿಯಾಗಿ, ದೂರ ಕುಳಿತವರು ಮೆಲ್ಲಗೆ ಕೇಳಿಸುತ್ತಿದ್ದರು. ತಂಬೂರಿಯ ಸಣ್ಣ ನಾದ ಅದಕ್ಕೆ ಸರಿಯಾಗಿ ಸಿಗುತ್ತಿರಲಿಲ್ಲ. ಒಂದು ತಟ್ಟೆಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ ಮಾತ್ರ.

ಹಲವು ದೊಡ್ಡ ಉಸ್ತಾದರು ಈ ಯಂತ್ರದಿಂದ ದೂರ ಉಳಿದರು. ದನಿಯೇ ಹೋಗಿಬಿಡುತ್ತದೆ ಎಂಬ ಭಯ ಕೆಲವರಿಗೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದು ಹೇಗೆಂಬ ಚಿಂತೆ ಇನ್ನು ಕೆಲವರಿಗೆ. ಗೌಹರ್ ಜಾನ್ ಮಾತ್ರ ಯಂತ್ರದ ಮಿತಿಯನ್ನೇ ಅಭ್ಯಾಸ ಮಾಡಿಕೊಂಡರು. ರಾಗದ ಸಾರವನ್ನು ಹಿಡಿದು, ತಾನುಗಳನ್ನು ಅಳೆದು, ಸಮಯದೊಳಗೆ ಮುಗಿಸಿದರು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಚ್ಚಾಗುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಿತ್ತು. ಮುಂದಿನ ವರ್ಷಗಳಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಅವರು ಮುದ್ರಿಸಿದರು. ಅರಮನೆಯೊಳಗೆ ಕೇಳುತ್ತಿದ್ದ ಸಂಗೀತ ಪೇಟೆಯ ಅಂಗಡಿಗೂ ಬಂತು.

ಇಷ್ಟೆಲ್ಲ ಹೆಸರಿದ್ದರೂ ಬದುಕು ನೆಮ್ಮದಿ ಕೊಡಲಿಲ್ಲ. ಆಸ್ತಿಯ ಮೊಕದ್ದಮೆಗಳು ಬಂದವು. ನಂಬಿದವರಿಂದಲೇ ನೋವಾಯಿತು. ದುಡಿದ ಹಣ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಕರೆಸಿಕೊಂಡರು. ಅಲ್ಲಿ ಕಳೆದದ್ದು ಒಂದೂವರೆ ವರ್ಷ ಮಾತ್ರ. 1930ರ ಜನವರಿ 17ರಂದು ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರ ಕೊನೆಯ ವರ್ಷಗಳ ಹೊತ್ತಿಗೆ, 1925ರಿಂದೀಚೆಗೆ, ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂದಿತ್ತು. ಇಂದು ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಮನೆಯ ಕೋಣೆಯಲ್ಲೇ ಆಂಪ್ಲಿಫೈಯರ್ ಮುಂದೆ ಮೈಕ್ ಇಟ್ಟು ಮುದ್ರಿಸಿಕೊಳ್ಳುತ್ತಾರೆ. ಉಪಕರಣ ಬದಲಾಗಿದೆ, ತುತ್ತೂರಿಯ ಪಾಠ ಬದಲಾಗಿಲ್ಲ. ಮೈಕನ್ನು ಸ್ಪೀಕರಿನ ನಡುಮಧ್ಯಕ್ಕೆ ಹಿಡಿದರೆ ನಾದ ಚೂಪಾಗಿರುತ್ತದೆ, ಅಂಚಿನ ಕಡೆ ಸರಿಸಿದರೆ ಮೃದುವಾಗುತ್ತದೆ. ಬೇಸ್ ಗಿಟಾರಿನ ದಪ್ಪ ಸ್ವರ ಕೋಣೆಯ ಮೂಲೆಗಳಲ್ಲಿ ಸೇರಿಕೊಂಡು ಗುಂಯ್‌ಗುಡುತ್ತದೆ. ಆಂಪ್ಲಿಫೈಯರನ್ನು ಮೂಲೆಯಿಂದ ಈಚೆಗೆ ಎಳೆದರೆ ಸ್ಪಷ್ಟವಾಗುತ್ತದೆ. ದನಿ ಮಿತಿಮೀರಿದರೆ ಅಂದು ಮುಳ್ಳು ಹಾರುತ್ತಿತ್ತು, ಇಂದು ಫೋನಿನಲ್ಲಿ ಮುದ್ರಿಸಿದ ಸ್ವರ ಒಡೆಯುತ್ತದೆ. ದುಬಾರಿ ಸಾಮಾನು ಕೊಳ್ಳುವ ಮೊದಲು ಒಂದು ಗೇಣು ಆಚೆ ಈಚೆ ಸರಿಸಿ ಕೇಳುವುದು ಖರ್ಚಿಲ್ಲದ ಕೆಲಸ.

ಗೌಹರ್ ಜಾನ್ ಅವರ ಮನೆ, ಒಡವೆ, ಹಣ ಯಾವುದೂ ಅವರ ಕೈಯಲ್ಲಿ ಉಳಿಯಲಿಲ್ಲ. ಆದರೆ ಮೂರು ನಿಮಿಷದ ಆ ಹಾಡುಗಳು 100 ವರ್ಷ ದಾಟಿ ಇಂದಿಗೂ ಕೇಳಸಿಗುತ್ತವೆ. ಇರುವ ಸೌಲಭ್ಯ ಕಡಿಮೆಯೆಂದು ಕೈಕಟ್ಟಿ ಕೂರದೆ, ಅದರೊಳಗೇ ಶ್ರಮದಿಂದ ಕಲಿತವರ ಕೆಲಸ ಉಳಿಯುತ್ತದೆ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.