ಸುಂಕದವನು ಬರೆದ ಸ್ವಾತಂತ್ರ್ಯದ ಪುಸ್ತಿಕೆ
ಥಾಮಸ್ ಪೇನ್ ಎಂಬ ಸಾಮಾನ್ಯನ ಜೀವನ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಹಳೆಯ ಗಾದೆ. ಆದರೆ ಸುಂಕದವನೇ ತನ್ನ ದುಃಖ ಹೇಳಿಕೊಳ್ಳಹೊರಟರೆ ಕೇಳುವವರು ಯಾರು? ಇಂಗ್ಲೆಂಡಿನ ಸುಂಕದ ಇಲಾಖೆಯಲ್ಲಿ ಕೆಳದರ್ಜೆಯ ನೌಕರನಾಗಿದ್ದ ಒಬ್ಬನು 1772ರಲ್ಲಿ ಹಾಗೆ ಹೊರಟನು. ತನ್ನಂಥವರ ಸಂಬಳ ಹೊಟ್ಟೆಬಟ್ಟೆಗೆ ಸಾಲದೆಂದೂ, ಹಸಿದವನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ತರವಲ್ಲವೆಂದೂ ಮನವಿ ಬರೆದು, ಅಚ್ಚು ಹಾಕಿಸಿ, ಪಾರ್ಲಿಮೆಂಟಿನ ಸದಸ್ಯರಿಗೆ ಹಂಚಿದನು. ಯಾರೂ ಕಿವಿಗೊಡಲಿಲ್ಲ. 1774ರಲ್ಲಿ ಅವನ ಕೆಲಸವೇ ಹೋಯಿತು. ಆತನೇ ಥಾಮಸ್ ಪೇನ್. ಎರಡು ವರ್ಷ ತುಂಬುವುದರೊಳಗೆ ಅವನು ಬರೆದ ಇನ್ನೊಂದು ಪುಸ್ತಿಕೆಯನ್ನು ಒಂದು ದೇಶವೇ ಕಿವಿಗೊಟ್ಟು ಕೇಳಿತು.

ಪೇನ್ ಹುಟ್ಟಿದ್ದು 1737ರಲ್ಲಿ, ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಹೆಂಗಸರ ಬಿಗಿಗುಪ್ಪಸ ಹೊಲಿಯುವ ಕಸುಬಿನವನು, ಕ್ವೇಕರ್ ಪಂಥದವನು. ಹದಿಮೂರನೆಯ ವಯಸ್ಸಿನ ಹೊತ್ತಿಗೆ ಮಗನ ಶಾಲೆ ಮುಗಿಯಿತು; ಅವನೂ ಸೂಜಿ ಹಿಡಿದನು. ಮುಂದೆ ಅವನು ಕೈಹಾಕಿದ್ದೆಲ್ಲ ಕೆಟ್ಟಿತು. ಮೊದಲ ಹೆಂಡತಿ ಮದುವೆಯಾದ ವರ್ಷದೊಳಗೆ ತೀರಿಕೊಂಡಳು. ಅಂಗಡಿ ಮುಳುಗಿತು. ಎರಡನೆಯ ಸಂಸಾರ ಮುರಿಯಿತು. ಮೂವತ್ತೇಳರ ಪ್ರಾಯದಲ್ಲಿ ಅವನಲ್ಲಿ ಉಳಿದಿದ್ದ ಆಸ್ತಿ ಎಂದರೆ, ಆಗ ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ ಬರೆದುಕೊಟ್ಟ ಒಂದು ಪರಿಚಯ ಪತ್ರ. ಅದನ್ನು ಹಿಡಿದುಕೊಂಡು ಹಡಗು ಹತ್ತಿ, ದಾರಿಯುದ್ದಕ್ಕೂ ಜ್ವರದಲ್ಲಿ ನರಳಿ, 1774ರ ನವೆಂಬರ್ ಕೊನೆಗೆ ಫಿಲಡೆಲ್ಫಿಯ ತಲುಪಿದನು. ದಡಕ್ಕೆ ಅವನನ್ನು ಹೊತ್ತು ಇಳಿಸಬೇಕಾಯಿತು. ಚೇತರಿಸಿಕೊಂಡ ಮೇಲೆ ಅಲ್ಲಿನ ಒಂದು ಮಾಸಪತ್ರಿಕೆಯ ಸಂಪಾದಕನಾದನು.

ಅವನು ಕಾಲಿಟ್ಟ ಹೊತ್ತಿಗೆ ಆ ನಾಡು ಕುದಿಯುತ್ತಿತ್ತು. ಕಾರಣವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 1763ರಲ್ಲಿ ಮುಗಿದ ಏಳು ವರ್ಷಗಳ ಯುದ್ಧದಲ್ಲಿ ಬ್ರಿಟನ್ ಫ್ರಾನ್ಸನ್ನು ಸೋಲಿಸಿತ್ತು. ಆದರೆ ತಲೆಯ ಮೇಲೆ ಭಾರೀ ಸಾಲ ಹೊತ್ತುಕೊಂಡಿತ್ತು. ಈ ಭಾರದ ಒಂದು ಪಾಲನ್ನು ಅಮೆರಿಕದ ಹದಿಮೂರು ವಸಾಹತುಗಳೂ ಹೊರಲೆಂದು ಪಾರ್ಲಿಮೆಂಟು ತೀರ್ಮಾನಿಸಿತು. 1765ರಲ್ಲಿ ಸ್ಟಾಂಪ್ ಕಾಯಿದೆ ಬಂತು. ಕರಾರುಪತ್ರ, ವೃತ್ತಪತ್ರಿಕೆ, ಪಂಚಾಂಗ, ಇಸ್ಪೀಟೆಲೆ ಎಲ್ಲಕ್ಕೂ ತೆರಿಗೆಯ ಮುದ್ರೆ ಬೇಕಾಯಿತು. ತೆರಿಗೆಯ ಮೊತ್ತ ಅಷ್ಟೇನೂ ದೊಡ್ಡದಲ್ಲ. ವಸಾಹತುಗಾರರ ತಕರಾರು ಬೇರೆಯೇ ಇತ್ತು. ಪಾರ್ಲಿಮೆಂಟಿನಲ್ಲಿ ತಮ್ಮ ಪ್ರತಿನಿಧಿ ಒಬ್ಬನೂ ಇಲ್ಲದಿರುವಾಗ ತಮ್ಮ ಜೇಬಿಗೆ ಕೈಹಾಕುವ ಅಧಿಕಾರ ಅದಕ್ಕೆ ಎಲ್ಲಿಂದ ಬಂತು ಎಂಬುದೇ ಅವರ ಪ್ರಶ್ನೆ. ಪ್ರತಿಭಟನೆಗೆ ಮಣಿದು 1766ರಲ್ಲಿ ಕಾಯಿದೆಯನ್ನು ಹಿಂತೆಗೆದುಕೊಂಡರೂ, ತೆರಿಗೆಯ ಹಕ್ಕನ್ನು ಬ್ರಿಟನ್ ಬಿಟ್ಟುಕೊಡಲಿಲ್ಲ. ಮರುವರ್ಷವೇ ಗಾಜು, ಕಾಗದ, ಬಣ್ಣ, ಚಹಾಗಳ ಮೇಲೆ ಹೊಸ ಸುಂಕ ಬಿತ್ತು. 1770ರ ಮಾರ್ಚ್ 5ರಂದು ಬೋಸ್ಟನ್ನಿನ ಬೀದಿಯಲ್ಲಿ ಸೈನಿಕರ ಗುಂಡಿಗೆ ಐವರು ಬಲಿಯಾದರು.

ಕೊನೆಗೆ ಉಳಿದದ್ದು ಚಹಾದ ಸುಂಕ. ಇಲ್ಲಿ ನಮಗೆ ಚಿರಪರಿಚಿತವಾದ ಒಂದು ಹೆಸರು ಬರುತ್ತದೆ, ಈಸ್ಟ್ ಇಂಡಿಯಾ ಕಂಪೆನಿ. ದಿವಾಳಿಯ ಅಂಚಿಗೆ ಬಂದಿದ್ದ ಆ ಕಂಪೆನಿಯನ್ನು ಎತ್ತಿಹಿಡಿಯಲು, ಅದರ ಚಹಾ ಅಮೆರಿಕದಲ್ಲಿ ಅಗ್ಗವಾಗಿ ಮಾರಾಟವಾಗುವಂತೆ 1773ರಲ್ಲಿ ಕಾಯಿದೆ ಮಾಡಲಾಯಿತು. ಆ ವರ್ಷದ ಡಿಸೆಂಬರ್ 16ರ ರಾತ್ರಿ ಬೋಸ್ಟನ್ನಿನವರು 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಬ್ರಿಟನ್ ಬಂದರನ್ನು ಮುಚ್ಚಿತು. ಆ ಪ್ರಾಂತದ ಸ್ವಯಮಾಡಳಿತವನ್ನು ಮೊಟಕುಗೊಳಿಸಿತು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ಅದೇ ಕಂಪೆನಿಯೊಡನೆ ಹೈದರಾಲಿ ಕಾದುತ್ತಿದ್ದಾಗ ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. 1782ರ ಏಪ್ರಿಲಿನಲ್ಲಿ ಆ ನೌಕೆ ಬ್ರಿಟಿಷರ ಹಡಗೊಂದನ್ನು ಸೆರೆಹಿಡಿಯಿತು. ಶತ್ರುವಿನ ಶತ್ರುವನ್ನು ಅವರು ದೂರದಿಂದಲೇ ಗುರುತಿಸಿದ್ದರು.

ರಕ್ತ ಹರಿದ ಮೇಲೂ ಬಹುಮಂದಿಗೆ ಸ್ವಾತಂತ್ರ್ಯದ ಮಾತು ನಾಲಗೆಗೆ ಬರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ತಪ್ಪೆಲ್ಲ ಮಂತ್ರಿಗಳದ್ದು, ಪಾರ್ಲಿಮೆಂಟಿನದ್ದು. ಅರಸನು ಮಾತ್ರ ಒಳ್ಳೆಯವನು ಎಂದೇ ಅವರು ನಂಬಿದ್ದರು. 1775ರ ಜುಲೈಯಲ್ಲಿಯೂ ಮೂರನೆಯ ಜಾರ್ಜ್ ಅರಸನಿಗೆ ಸಂಧಾನದ ಮನವಿಯನ್ನು ಕಳುಹಿಸಿದರು. ಅದನ್ನು ಅರಸನು ಸ್ವೀಕರಿಸಲೇ ಇಲ್ಲ. ಅವರನ್ನು ಬಂಡಾಯಗಾರರೆಂದು ಸಾರಿದನು. ಮನವಿಗಳ ಗತಿ ಏನಾಗುತ್ತದೆಂಬುದನ್ನು ಅನುಭವದಿಂದ ತಿಳಿದಿದ್ದವನೊಬ್ಬನು ಫಿಲಡೆಲ್ಫಿಯದಲ್ಲಿ ಕುಳಿತು ಆಗಲೇ ಬರೆಯುತ್ತಿದ್ದನು.

1776ರ ಜನವರಿ 10ರಂದು, ಲೇಖಕನ ಹೆಸರಿಲ್ಲದೆ, ಸಣ್ಣ ಪುಸ್ತಿಕೆಯೊಂದು ಹೊರಬಂತು. ಹೆಸರು ‘ಕಾಮನ್ ಸೆನ್ಸ್’, ಎಂದರೆ ಸಾಮಾನ್ಯ ಬುದ್ಧಿ. ಪೇನ್ ಅರಸನನ್ನೇ ನೇರವಾಗಿ ಕೆಣಕಿದನು. ಯಾವನೋ ಒಬ್ಬನ ಮಗನಾಗಿ ಹುಟ್ಟಿದ ಮಾತ್ರಕ್ಕೆ ಒಬ್ಬನು ಲಕ್ಷಾಂತರ ಜನರನ್ನು ಆಳುವುದು ಯಾವ ನ್ಯಾಯ? ಆ ವಂಶದ ಮೂಲಪುರುಷನಾದ ವಿಲಿಯಂ ಶಸ್ತ್ರ ಹಿಡಿದ ಬಂಟರೊಡನೆ ಬಂದಿಳಿದು ದೇಶವನ್ನು ಕಸಿದುಕೊಂಡವನಲ್ಲವೇ? ಒಂದು ಪುಟ್ಟ ದ್ವೀಪವು ಒಂದು ಖಂಡವನ್ನು ಎಂದೆಂದಿಗೂ ಆಳಬಹುದೆ? ಬ್ರಿಟನ್ನಿನ ಜೊತೆಗಿದ್ದರೆ ಅದರ ಯುದ್ಧಗಳೆಲ್ಲ ನಮ್ಮವಾಗುತ್ತವೆ, ವ್ಯಾಪಾರ ಕೆಡುತ್ತದೆ. ಅರಸನ ಬದಲು ಕಾನೂನೇ ಆಳಲಿ. ಹೀಗೆ ಅವನ ವಾದ ಸಾಗಿತು.

ಈ ವಿಚಾರಗಳೆಲ್ಲ ಹೊಸವೇನಲ್ಲ. ವಿದ್ವಾಂಸರು ಲ್ಯಾಟಿನ್ ಉಕ್ತಿಗಳ ನಡುವೆ ಇಂಥವನ್ನು ಹೇಳಿದ್ದುಂಟು. ಪೇನ್ ಬರೆದದ್ದು ಕಮ್ಮಾರನಿಗೂ, ಚಮ್ಮಾರನಿಗೂ, ಹೊಲದ ಒಕ್ಕಲಿಗೂ ಅರ್ಥವಾಗುವ ಮಾತಿನಲ್ಲಿ. ಅವರಿಗೆ ಚೆನ್ನಾಗಿ ಪರಿಚಯವಿದ್ದ ಬೈಬಲಿನಿಂದಲೇ ದೃಷ್ಟಾಂತ ಕೊಟ್ಟನು. ಓದುಬಾರದವರಿಗೆ ಹೋಟೆಲುಗಳಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಮೂರು ತಿಂಗಳಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಪ್ರತಿ ಹೋಯಿತೆಂದು ಅವನೇ ಹೇಳಿಕೊಂಡನು. ಅಷ್ಟಿರಲಾರದೆಂದು ಈಗಿನ ಸಂಶೋಧಕರ ಮತ. ಲೆಕ್ಕ ಏನೇ ಇರಲಿ, ಆ ಕಾಲಕ್ಕೆ ಅಲ್ಲಿ ಬೇರಾವ ಪುಸ್ತಿಕೆಯೂ ಅಷ್ಟು ಓಡಿರಲಿಲ್ಲ. ಲಾಭದ ತನ್ನ ಪಾಲನ್ನು ಸೈನಿಕರ ಕೈಗವಸಿಗಾಗಿ ಬಿಟ್ಟುಕೊಟ್ಟನು.

ಆರು ತಿಂಗಳಲ್ಲಿ, 1776ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆ ಅಂಗೀಕಾರವಾಯಿತು. ಅದರ ಕರಡು ಥಾಮಸ್ ಜೆಫರ್‌ಸನ್ನನದು. ಎಲ್ಲ ಮನುಷ್ಯರೂ ಸಮಾನರು. ಜೀವ, ಸ್ವಾತಂತ್ರ್ಯ, ಸುಖಾನ್ವೇಷಣೆ ಇವು ಯಾರೂ ಕಸಿಯಲಾಗದ ಹಕ್ಕುಗಳು. ಸರಕಾರದ ಅಧಿಕಾರಕ್ಕೆ ಆಳಿಸಿಕೊಳ್ಳುವವರ ಒಪ್ಪಿಗೆಯೇ ಆಧಾರ. ಆ ಹಕ್ಕುಗಳನ್ನು ತುಳಿಯುವ ಸರಕಾರವನ್ನು ಬದಲಿಸುವ ಅಧಿಕಾರ ಜನರಿಗುಂಟು. ಇವು ಅದರ ತಿರುಳು. ಆಮೇಲೆ ಅರಸನ ವಿರುದ್ಧ ಆರೋಪಗಳ ಉದ್ದ ಪಟ್ಟಿ. ಒಂದು ವರ್ಷದ ಹಿಂದೆ ಬೇಡಿಕೊಂಡಿದ್ದ ಅರಸನನ್ನೇ ಈಗ ಕಟಕಟೆಯಲ್ಲಿ ನಿಲ್ಲಿಸಿದ್ದರು.

ಆದರೆ ಸಮಾನತೆಯನ್ನು ಬರೆದ ಜೆಫರ್‌ಸನ್ ತನ್ನ ಆಯುಷ್ಯದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನು. ಗುಲಾಮ ವ್ಯಾಪಾರವನ್ನು ಖಂಡಿಸಿದ ಅವನ ಸಾಲುಗಳನ್ನು ಕೂಡಾ ಕಾಂಗ್ರೆಸ್ ಹೊಡೆದುಹಾಕಿತು. ಆ ನಾಡಿನ ಸುಮಾರು ಐದರಲ್ಲಿ ಒಂದು ಪಾಲು ಜನ ಆಗ ಕಪ್ಪು ವರ್ಣದವರು. ಅವರಲ್ಲಿ ಹೆಚ್ಚಿನವರು ಗುಲಾಮರು. ಹೆಂಗಸರಿಗೂ, ಮೂಲನಿವಾಸಿಗಳಿಗೂ ಆ ಘೋಷಣೆಯಲ್ಲಿ ಪಾಲಿರಲಿಲ್ಲ.

ಪೇನ್ ಮಾತ್ರ ಆ ಮಾತುಗಳನ್ನು ಅಕ್ಷರಶಃ ನಂಬಿದನು. ಸೈನಿಕರು ಸೋತು, ಚಳಿಯಲ್ಲಿ ಚಪ್ಪಲಿಯಿಲ್ಲದೆ ಹಿಮ್ಮೆಟ್ಟುತ್ತಿದ್ದಾಗ ಅವರೊಡನೆ ನಡೆದನು. 1776ರ ಡಿಸೆಂಬರಿನಲ್ಲಿ ಅವನು ಬರೆದ ಹೊಸ ಲೇಖನವನ್ನು ವಾಷಿಂಗ್ಟನ್ ತನ್ನ ದಂಡಿಗೆ ಓದಿಸಿದನೆಂದು ಹೇಳುತ್ತಾರೆ. ಕ್ರಿಸ್‌ಮಸ್ ರಾತ್ರಿ ಆ ದಂಡು ನದಿ ದಾಟಿ ಗೆದ್ದಿತು. 1780ರಲ್ಲಿ ಪೆನ್ಸಿಲ್ವೇನಿಯದ ಶಾಸನಸಭೆ ಗುಲಾಮಗಿರಿಯನ್ನು ಹಂತಹಂತವಾಗಿ ತೆಗೆದುಹಾಕುವ ಕಾಯಿದೆ ಮಾಡಿದಾಗ ಸಭೆಯ ಗುಮಾಸ್ತನಾಗಿದ್ದವನು ಪೇನ್.

ಅಲ್ಲಿಗೇ ನಿಂತಿದ್ದರೆ ಅವನು ಸುಖವಾಗಿರುತ್ತಿದ್ದನು. ಫ್ರಾನ್ಸಿನ ಕ್ರಾಂತಿಯನ್ನು ಸಮರ್ಥಿಸಿ 1791-92ರಲ್ಲಿ ‘ಮನುಷ್ಯನ ಹಕ್ಕುಗಳು’ ಎಂಬ ಗ್ರಂಥ ಬರೆದನು. ಇಂಗ್ಲೆಂಡ್ ಅವನನ್ನು ರಾಜದ್ರೋಹಿಯೆಂದಿತು. ಫ್ರಾನ್ಸ್ ಅವನನ್ನು ತನ್ನ ರಾಷ್ಟ್ರಸಭೆಗೆ ಆರಿಸಿತು. ಅಲ್ಲಿ ಅವನು, ಅರಸೊತ್ತಿಗೆ ಹೋಗಲಿ, ಅರಸನ ತಲೆ ಉಳಿಯಲಿ ಎಂದು ವಾದಿಸಿದನು. ಅರಸರ ವೈರಿಯೇ ಅರಸನ ಪ್ರಾಣಭಿಕ್ಷೆ ಕೇಳಿದ್ದನ್ನು ಉಗ್ರವಾದಿಗಳು ಮರೆಯಲಿಲ್ಲ. 1793ರ ಡಿಸೆಂಬರಿನಿಂದ ಹತ್ತು ತಿಂಗಳಿಗೂ ಮೇಲೆ ಸೆರೆಮನೆಯಲ್ಲಿ ಕೊಳೆತನು. ಚರ್ಚುಗಳನ್ನು ಟೀಕಿಸಿದ ‘ವಿವೇಚನೆಯ ಯುಗ’ ಎಂಬ ಅವನ ಗ್ರಂಥ ಧರ್ಮನಿಷ್ಠರನ್ನು ಕೆರಳಿಸಿತು. 1797ರಲ್ಲಿ, ಭೂಮಿಯ ಆಸ್ತಿಯ ಮೇಲೆ ತೆರಿಗೆ ಹಾಕಿ ಮುದುಕರಿಗೆಲ್ಲ ವರ್ಷಾಶನ ಕೊಡಬೇಕೆಂದು ಬರೆದನು.

1802ರಲ್ಲಿ ಅಮೆರಿಕಕ್ಕೆ ಮರಳಿದಾಗ ಹಳೆಯ ಗೆಳೆಯರಲ್ಲಿ ಅನೇಕರು ಮುಖ ತಿರುಗಿಸಿದರು. 1806ರಲ್ಲಿ, ತನ್ನ ಹೊಲವಿದ್ದ ನ್ಯೂ ರೊಷೆಲ್ ಊರಿನಲ್ಲಿ ಮತ ಹಾಕಲು ಹೋದನು. ಅವನು ಅಮೆರಿಕದ ಪ್ರಜೆಯೇ ಅಲ್ಲವೆಂದು ಅಧಿಕಾರಿಗಳು ಹಿಂದಕ್ಕೆ ಕಳುಹಿಸಿದರು. ಆಳಿಸಿಕೊಳ್ಳುವವರ ಒಪ್ಪಿಗೆಯೇ ಆಳ್ವಿಕೆಯ ಬುನಾದಿ ಎಂದು ಸಾರಿದ ದೇಶದಲ್ಲಿ, ಆ ಘೋಷಣೆಗೆ ಜನರ ಮನಸ್ಸನ್ನು ಹದಗೊಳಿಸಿದವನ ಒಪ್ಪಿಗೆಯೇ ಬೇಡವಾಯಿತು. 1809ರ ಜೂನ್ 8ರಂದು ತೀರಿಕೊಂಡಾಗ ಕ್ವೇಕರರು ತಮ್ಮ ಸ್ಮಶಾನದಲ್ಲಿ ಸ್ಥಳ ಕೊಡಲಿಲ್ಲ. ಹೊಲದಲ್ಲಿಯೇ ಹೂಳಿದರು, ಬಂದವರು ಬೆರಳೆಣಿಕೆಯ ಮಂದಿ. 1819ರಲ್ಲಿ ಕಾಬೆಟ್ ಎಂಬ ಅಭಿಮಾನಿಯು ಅವನ ಎಲುಬುಗಳನ್ನು ಅಗೆದು ಇಂಗ್ಲೆಂಡಿಗೆ ಒಯ್ದನು. ಅಲ್ಲಿ ಅವೂ ಕಳೆದುಹೋದವು.

ಆದರೆ ಬರೆದದ್ದು ಕಳೆದುಹೋಗಲಿಲ್ಲ. ಪುಣೆಯಲ್ಲಿ ಜೋತಿಬಾ ಫುಲೆ ಎಂಬ ತರುಣನು ಪೇನನ ಗ್ರಂಥವನ್ನು ಓದಿ, ಹಕ್ಕು ಎಂಬುದು ತನ್ನ ಜನರಿಗೂ ಸೇರಿದ್ದೆಂದು ಕಂಡುಕೊಂಡನು. ತನ್ನ ‘ಗುಲಾಮಗಿರಿ’ಯನ್ನು 1873ರಲ್ಲಿ ಅವನು ಅರ್ಪಿಸಿದ್ದು, ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಜನತೆಗೆ. ಸಮಾಧಿಯಿಲ್ಲದ ಸುಂಕದವನ ಮಾತು ಅಷ್ಟು ದೂರ ನಡೆದು ಬಂದಿತ್ತು. ಘೋಷಣೆಗೆ ಸಹಿ ಹಾಕಿದ ಐವತ್ತಾರು ಮಂದಿಯಲ್ಲಿ ಪೇನ್ ಇರಲಿಲ್ಲ. ಅದರ ಮಾತಿನಂತೆ ಬದುಕಲು ಯತ್ನಿಸಿದವರನ್ನು ಎಣಿಸುವಾಗ ಮಾತ್ರ ನಾವು ಅವನನ್ನು ಬಿಡಲಾರೆವು.