ತಂತಿಯ ಹರಿಕಾರ ಮಾರ್ಸ್

ಬಹುಕಾಲದವರೆಗೆ ಸುದ್ದಿಯ ವೇಗವೆಂದರೆ ಅದನ್ನು ಹೊತ್ತು ತರುವವನ ವೇಗವೇ ಆಗಿತ್ತು. ಓಲೆಕಾರನ ಕಾಲು, ಕುದುರೆಯ ಗೊರಸು, ಹಡಗಿನ ಹಾಯಿ ಇವು ಎಷ್ಟು ಬೇಗ ಸಾಗಿದರೆ ಸಂದೇಶವೂ ಅಷ್ಟೇ ಬೇಗ ಮುಟ್ಟುತ್ತಿತ್ತು. ಈ ಬಂಧನದಿಂದ ಸಂದೇಶವನ್ನು ಬಿಡಿಸಿದವರಲ್ಲಿ ಸ್ಯಾಮ್ಯುಯಲ್ ಮಾರ್ಸ್ ಪ್ರಮುಖನು.

ಮಾರ್ಸ್ 1791ರ ಏಪ್ರಿಲ್ 27ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಚಾರ್ಲ್ಸ್‌ಟೌನಿನಲ್ಲಿ ಜನಿಸಿದನು. ಆತನ ತಂದೆ ಕ್ರೈಸ್ತ ಧರ್ಮಗುರು. ಭೂಗೋಳ ಗ್ರಂಥಗಳನ್ನು ಬರೆದು ಹೆಸರಾದವನು. ಯೇಲ್ ಕಾಲೇಜಿನಲ್ಲಿ ಓದಿದ ಮಗನ ಒಲವು ಚಿತ್ರಕಲೆಯ ಕಡೆಗೆ ಹರಿಯಿತು. ಲಂಡನ್ನಿನಲ್ಲಿ ಆ ಕಲೆಯನ್ನು ಅಭ್ಯಾಸಮಾಡಿ ಹಿಂದಿರುಗಿ, ಭಾವಚಿತ್ರಗಳನ್ನು ಬರೆದು ಜೀವನ ಸಾಗಿಸತೊಡಗಿದನು.

1825ರಲ್ಲಿ ಮಾರ್ಸ್ ವಾಷಿಂಗ್ಟನ್ನಿನಲ್ಲಿದ್ದಾಗ, ದೂರದ ನ್ಯೂ ಹೇವನ್ ಪಟ್ಟಣದಲ್ಲಿ ಆತನ ಪತ್ನಿ ಹಠಾತ್ತನೆ ತೀರಿಕೊಂಡಳು. ತಂದೆ ಬರೆದ ಕಾಗದ ಕೈಸೇರಲು ದಿನಗಳೇ ಹಿಡಿದವು. ಮಾರ್ಸ್ ಊರು ಮುಟ್ಟುವ ವೇಳೆಗೆ ಅಂತ್ಯಕ್ರಿಯೆ ಮುಗಿದುಹೋಗಿತ್ತು. ನಿಧಾನದ ಸುದ್ದಿ ಎಂಥ ಕ್ರೂರವಾಗಬಲ್ಲದೆಂಬುದನ್ನು ಆತ ಸ್ವತಃ ಅನುಭವಿಸಿದನು.

1832ರಲ್ಲಿ ಯೂರೋಪಿನಿಂದ ಮರಳುವಾಗ ಹಡಗಿನಲ್ಲಿ ವಿದ್ಯುತ್ಕಾಂತದ ವಿಷಯವಾಗಿ ಮಾತು ಬಂದಿತು. ತಂತಿಯಲ್ಲಿ ಕ್ಷಣಮಾತ್ರದಲ್ಲಿ ಹರಿಯುವ ವಿದ್ಯುತ್ತಿನಿಂದ ಸುದ್ದಿಯನ್ನೇಕೆ ಕಳುಹಿಸಬಾರದೆಂದು ಮಾರ್ಸ್ ಚಿಂತಿಸಿದನು. ಆತನಿಗೆ ವಿಜ್ಞಾನದ ಆಳವಾದ ಪರಿಚಯವಿರಲಿಲ್ಲ. ಜೋಸೆಫ್ ಹೆನ್ರಿಯ ಸಂಶೋಧನೆ, ಲೆನರ್ಡ್ ಗೇಲನ ಸಲಹೆ, ಆಲ್ಫ್ರೆಡ್ ವೇಲನ ಯಂತ್ರಕೌಶಲ ಆತನಿಗೆ ಊರುಗೋಲಾದವು. ಇದೇ ಕಾಲದಲ್ಲಿ ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ ಬೇರೊಂದು ಬಗೆಯ ತಂತಿಯಂತ್ರವನ್ನು ರಚಿಸಿದ್ದರು. ಮಾರ್ಸನ ಪದ್ಧತಿಯ ಹಿರಿಮೆಯಾದರೋ ಅದರ ಸರಳತೆ. ಚುಕ್ಕೆ ಮತ್ತು ಗೆರೆ ಎಂಬ ಎರಡೇ ಗುರುತುಗಳಲ್ಲಿ ಸಮಸ್ತ ಅಕ್ಷರಮಾಲೆಯೂ ಅಡಗಿತು.

ಬಡತನ, ಜನರ ಪರಿಹಾಸ್ಯಗಳ ನಡುವೆ ವರ್ಷಗಳು ಕಳೆದವು. ಕೊನೆಗೆ 1843ರಲ್ಲಿ ಅಮೆರಿಕದ ಸಂಸತ್ತು 30,000 ಡಾಲರುಗಳನ್ನು ಮಂಜೂರು ಮಾಡಿತು. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಸುಮಾರು 40 ಮೈಲಿ ದೂರದ ಬಾಲ್ಟಿಮೋರಿಗೆ ಮೊದಲ ಅಧಿಕೃತ ಸಂದೇಶ ಹರಿಯಿತು.

ಅಲ್ಲಿಂದ ಮುಂದೆ ಸಮಾಜದ ನಡೆಯೇ ಬದಲಾಯಿತು. ತಂತಿಯ ವೆಚ್ಚವನ್ನು ಹಂಚಿಕೊಂಡು ಸುದ್ದಿ ತರಿಸಲು ಪತ್ರಿಕೆಗಳು ಒಂದುಗೂಡಿದವು. ದೂರದ ಪೇಟೆಯ ಧಾರಣೆ ವರ್ತಕನಿಗೆ ಅಂದೇ ತಿಳಿಯಿತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರುವ ರೈಲುಗಳನ್ನು ನಿಯಂತ್ರಿಸುವುದು ಸುಲಭವಾಯಿತು. 1861ರಲ್ಲಿ ಅಮೆರಿಕದ ಎರಡು ತೀರಗಳನ್ನು ತಂತಿ ಬೆಸೆದೊಡನೆಯೇ, ಕುದುರೆ ಸವಾರರ ಪ್ರಸಿದ್ಧ ಅಂಚೆ ನಿಂತುಹೋಯಿತು. ಸವಾರರು ಕೆಲಸ ಕಳೆದುಕೊಂಡರು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿ ಎರಡು ಖಂಡಗಳನ್ನು ಶಾಶ್ವತವಾಗಿ ಜೋಡಿಸಿತು.

ಭಾರತದಲ್ಲಿ 1850ರ ದಶಕದಲ್ಲಿ ತಂತಿಮಾರ್ಗಗಳು ಹರಡಿದವು. ಅವು ಪರಕೀಯ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿದವು. 1857ರ ಹೋರಾಟದಲ್ಲಿ ಬಂಡೆದ್ದವರು ತಂತಿಗಳನ್ನು ಕತ್ತರಿಸಿದ್ದು ಇದೇ ಕಾರಣಕ್ಕೆ. ಮುಂದೆ ಅದೇ ತಂತಿ ಜನಸಾಮಾನ್ಯರ ಸುಖದುಃಖಗಳನ್ನೂ ಹೊತ್ತು ನಡೆಯಿತು. ನಮ್ಮ ಹಳ್ಳಿಗಳಲ್ಲಿ ತಂತಿ ಬಂದಿತೆಂದರೆ ಒಡೆಯುವ ಮುನ್ನವೇ ಮನೆಮಂದಿಯ ಎದೆ ನಡುಗುತ್ತಿತ್ತು.

ಮಾರ್ಸನ ಜೀವನದಲ್ಲಿ ಒಂದು ವಿಪರ್ಯಾಸವುಂಟು. ದೂರದ ಊರುಗಳನ್ನು ಹತ್ತಿರ ತಂದ ಆತ ಎಲ್ಲ ಮನುಷ್ಯರನ್ನೂ ಹತ್ತಿರದವರೆಂದು ಬಗೆಯಲಿಲ್ಲ. ಹೊರನಾಡಿನಿಂದ ವಲಸೆ ಬಂದ ಕ್ಯಾಥೊಲಿಕರನ್ನು ವಿರೋಧಿಸಿದನು. ನೀಗ್ರೋ ಜನರ ಗುಲಾಮಗಿರಿಯನ್ನು ಸಮರ್ಥಿಸಿ ಬರೆದನು. ಸಾಧನೆಯನ್ನು ಮೆಚ್ಚುವಾಗ ಈ ಕೊರತೆಯನ್ನು ಮರೆಮಾಚುವುದು ಸಲ್ಲದು.

1872ರ ಏಪ್ರಿಲ್ 2ರಂದು ನ್ಯೂಯಾರ್ಕಿನಲ್ಲಿ ಮಾರ್ಸ್ ನಿಧನನಾದನು. ಭಾರತದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಿನಲ್ಲಿ ಕೊನೆಗೊಂಡಿತು. ಇಂದು ಅಂಗೈಯ ಮೊಬೈಲೇ ಲೋಕದ ಸುದ್ದಿಯನ್ನು ತರುತ್ತದೆ. ಯಂತ್ರ ಸತ್ಯವನ್ನೂ ಸುಳ್ಳನ್ನೂ ಒಂದೇ ವೇಗದಲ್ಲಿ ಒಯ್ಯುತ್ತದೆ. ಸ್ನೇಹವನ್ನೂ ದ್ವೇಷವನ್ನೂ ಸಮನಾಗಿ ಹಂಚುತ್ತದೆ. ಊರುಗಳನ್ನು ತಂತಿ ಬೆಸೆಯಬಲ್ಲದು. ಮನಸ್ಸುಗಳನ್ನು ಬೆಸೆಯುವ ಕೆಲಸ ಮಾತ್ರ ಮನುಷ್ಯನಿಗೇ ಉಳಿದಿದೆ.